ಎರಡೂವರೆ ವರ್ಷದ ಮಗಳಿಗೆ ಪ್ರೀಸ್ಕೂಲ್ ಮತ್ತು ಡೇಕೇರ್: ಕನಕಪುರ ರಸ್ತೆ ಕಡೆಯವರು ಹೇಗೆ ಆರಿಸಿದಿರಿ?

ತಲಘಟ್ಟಪುರದ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತಲಘಟ್ಟಪುರ ಮೆಟ್ರೊ ನಿಲ್ದಾಣದ ಹತ್ತಿರ. ಮಗಳು 2023ರ ಅಕ್ಟೋಬರ್‌ನಲ್ಲಿ ಹುಟ್ಟಿದವಳು. ಇಲ್ಲಿಯವರೆಗೆ ನಮ್ಮತ್ತೆ ನೋಡಿಕೊಂಡರು. ಅವರಿಗೆ ಮಂಡಿನೋವು ಹೆಚ್ಚಾಗಿದೆ, ಜೂನ್‌ನಿಂದ ಹಾಸನದಲ್ಲಿ ನಾದಿನಿ ಮನೆಯಲ್ಲಿ ಇರುತ್ತಾರೆ. ನನ್ನ ಆಫೀಸು ಎಲೆಕ್ಟ್ರಾನಿಕ್ ಸಿಟಿ, ನಮ್ಮೆಜಮಾನರದ್ದು ಹೆಬ್ಬಾಳದ ಆಚೆ. ಬೆಳಿಗ್ಗೆ 9ರಿಂದ ಸಂಜೆ 6:30ರವರೆಗೆ ಮಗು ಎಲ್ಲಾದರೂ ಇರಲೇಬೇಕು.

ಮೂರು ಜಾಗ ನೋಡಿದ್ದೇವೆ. ಒಂದು ದೊಡ್ಡ ಹೆಸರಿನ ಪ್ರೀಸ್ಕೂಲಿನ ಶಾಖೆ, ಗೋಡೆ ತುಂಬ ಚಿತ್ರ, ಆಟದ ಸಾಮಾನು ಎಲ್ಲ ಹೊಸದು. ಇನ್ನೊಂದು ಮಾಂಟೆಸ್ಸರಿ ಅಂತ ಬೋರ್ಡ್ ಇರುವ ಸಣ್ಣ ಶಾಲೆ. ಮೂರನೆಯದು ನಮ್ಮ ಅಪಾರ್ಟ್‌ಮೆಂಟಿನಲ್ಲೇ ಒಬ್ಬರು ಮನೆಯಲ್ಲಿ ನಡೆಸುವ ಡೇಕೇರ್. ಮೂರು ಕಡೆಯೂ ನಗುನಗುತ್ತಾ ಮಾತಾಡಿಸಿದರು. ಯಾವುದನ್ನು ನೋಡಿ ತೀರ್ಮಾನ ಮಾಡಬೇಕು ಅಂತಲೇ ಗೊತ್ತಾಗುತ್ತಿಲ್ಲ. ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ವಾಜರಹಳ್ಳಿ ಅಪ್ಪ

ಮೊದಲು ವಯಸ್ಸಿನ ಲೆಕ್ಕ ಹಾಕಿಕೊಳ್ಳಿ ಮೇಡಂ, ಅರ್ಧ ಒತ್ತಡ ಅಲ್ಲೇ ಇಳಿಯುತ್ತೆ. ಜೂನ್ 1ಕ್ಕೆ 6 ವರ್ಷ ತುಂಬಿದ ಮಗುವಿಗೆ ಮಾತ್ರ ಒಂದನೇ ಕ್ಲಾಸು ಅಂತ 2022ರಲ್ಲಿ ನಮ್ಮ ರಾಜ್ಯದ ಆದೇಶ ಬಂತು. ಪೋಷಕರ ಒತ್ತಾಯದ ಮೇಲೆ 2025-26ರ ಒಂದು ವರ್ಷಕ್ಕೆ ಮಾತ್ರ ಅಂತ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲ ಮಾಡಿದರು. ಆದೇಶದ ಲೆಕ್ಕದಲ್ಲಿ ಎಲ್‌ಕೆಜಿಗೆ 4, ಯುಕೆಜಿಗೆ 5 ಆಗಿರಬೇಕು. ಅಂದರೆ ನಿಮ್ಮ ಮಗಳಿಗೆ 2028ರ ಜೂನ್‌ನಲ್ಲಿ ಎಲ್‌ಕೆಜಿ, 2030ರಲ್ಲಿ ಒಂದನೇ ಕ್ಲಾಸು.

"ಮಗು ಚುರುಕಾಗಿದೆ, ಈ ವರ್ಷವೇ ನರ್ಸರಿಗೆ ಹಾಕಿ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಈಗ ನರ್ಸರಿ ಆದರೆ 2029ಕ್ಕೆ ಯುಕೆಜಿ ಮುಗಿದಿರುತ್ತೆ, ಆಗ ಜೂನ್ 1ಕ್ಕೆ ಮಗುವಿಗೆ 5 ವರ್ಷ 7 ತಿಂಗಳು. ಯುಕೆಜಿಯನ್ನೇ ಇನ್ನೊಂದು ವರ್ಷ ಓದಿಸಬೇಕಾಗುತ್ತೆ. ನಮ್ಮ ಲೇಔಟಿನಲ್ಲಿ ಹೀಗೆ ಸಿಕ್ಕಿಹಾಕಿಕೊಂಡು, ಗೆಳೆಯರೆಲ್ಲ ಮುಂದಿನ ಕ್ಲಾಸಿಗೆ ಹೋದಾಗ ಮಗುವಿಗೆ ಏನು ಹೇಳುವುದು ಅಂತ ಒದ್ದಾಡಿದ ಮನೆಗಳಿವೆ. ನಿಮಗೆ ಎಲ್‌ಕೆಜಿಗೆ ಮುಂಚೆ ಪೂರ್ತಿ ಎರಡು ವರ್ಷ ಇದೆ. ಅಷ್ಟೂ ದಿನ ಮಗು ಆಡಲಿ.

ಇನ್ನೊಂದು ಮಾತು, ಡೇಕೇರ್ ಮನೆಗೆ ಹತ್ತಿರ ಇರಲಿ, ಆಫೀಸಿಗಲ್ಲ. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದ ಮೇಲೆ ನಮ್ಮ ಕಡೆಯಿಂದ ಆರ್.ವಿ. ರಸ್ತೆಯಲ್ಲಿ ಇಳಿದು ಮೆಟ್ರೊ ಬದಲಿಸಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗಬಹುದು, ನಿಜ. ಆದರೆ ಬೆಳಗಿನ ನೂಕುನುಗ್ಗಲಲ್ಲಿ ಎರಡೂವರೆ ವರ್ಷದ ಮಗುವನ್ನು ಎತ್ತಿಕೊಂಡು ಆ ಮೆಟ್ಟಿಲು ಹತ್ತಿ ಇಳಿಯುವುದು ದಿನಾ ಆಗುವ ಕೆಲಸವಲ್ಲ.

ಹಳೇ ಟೀಚರ್

ನಾನು ಬನಶಂಕರಿ, ಪದ್ಮನಾಭನಗರ ಕಡೆಯ ಪ್ರೀಸ್ಕೂಲುಗಳಲ್ಲಿ ಹಲವು ವರ್ಷ ಪಾಠ ಮಾಡಿದವಳು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನೀವು ಆ ಮೂರೂ ಜಾಗಕ್ಕೆ ಹೋಗಿದ್ದು ಬೆಳಿಗ್ಗೆ ತಾನೇ? ಎಲ್ಲರೂ 10 ಗಂಟೆಗೆ, 11 ಗಂಟೆಗೆ ಬನ್ನಿ ಅಂತಾರೆ. ಆ ಹೊತ್ತಿಗೆ ಟೀಚರುಗಳು ಇರುತ್ತಾರೆ, ಮಕ್ಕಳು ಸ್ನಾನ ಮಾಡಿ ಬಂದಿರುತ್ತಾರೆ, ಹಾಡು ನಡೆಯುತ್ತಿರುತ್ತೆ. ಅದು ಪ್ರೀಸ್ಕೂಲು. ನಿಮ್ಮ ಮಗಳು ಅಲ್ಲಿರುವುದು ಒಂಬತ್ತೂವರೆ ಗಂಟೆ. ಅದರಲ್ಲಿ ಪ್ರೀಸ್ಕೂಲು ಮೂರು, ಹೆಚ್ಚೆಂದರೆ ನಾಲ್ಕು ಗಂಟೆ. ಮಿಕ್ಕಿದ್ದೆಲ್ಲ ಡೇಕೇರ್. ಟೀಚರುಗಳು ಊಟದ ಹೊತ್ತಿಗೆ ಮನೆಗೆ ಹೊರಡುತ್ತಾರೆ. ಮಧ್ಯಾಹ್ನ ಮೇಲ್ವಿಚಾರಕಿಯೂ ಹೋಗುತ್ತಾರೆ. ಆಮೇಲೆ ದೊಡ್ಡ ಶಾಲೆಗಳ ಬಸ್ಸು ಇಳಿದು ಆರು, ಏಳು, ಎಂಟು ವರ್ಷದ ಮಕ್ಕಳು ಬರುತ್ತಾರೆ. ಸಣ್ಣವರು, ದೊಡ್ಡವರು ಎಲ್ಲ ಒಂದೇ ಕೋಣೆ. ಒಬ್ಬ ಆಯಾ ಪಾತ್ರೆ ತೊಳೆಯುತ್ತಿರುತ್ತಾಳೆ, ಇನ್ನೊಬ್ಬಳು ಗೇಟಿನ ಹತ್ತಿರ ಮಕ್ಕಳನ್ನು ಕಳಿಸಿಕೊಡುತ್ತಿರುತ್ತಾಳೆ. ಟಿವಿ ಹಾಕಿರುತ್ತಾರೆ. ಬೀಳುವುದು, ಕಚ್ಚುವುದು, ಒದ್ದೆ ಚಡ್ಡಿಯಲ್ಲೇ ಕೂತಿರುವುದು, ನಾನು ಕಂಡಂತೆ ಹೆಚ್ಚಾಗಿ ಈ ಹೊತ್ತಿನಲ್ಲೇ.

ಆದ್ದರಿಂದ ಸಂಜೆ 5 ಗಂಟೆಗೆ ಹೋಗಿ. ಮೊದಲೇ ಹೇಳದೆ ಹೋಗಿ. "ಶುಲ್ಕದ ಬಗ್ಗೆ ಇನ್ನೊಂದು ಸಲ ಕೇಳಬೇಕಿತ್ತು" ಅಂದರೆ ಸಾಕು. ಒಳಗೆ ಬಿಡದಿದ್ದರೆ ಯಾಕೆ ಅಂತ ಕೇಳಿ, ಉತ್ತರ ಕೇಳಿಸಿಕೊಳ್ಳಿ. ಒಳಗೆ ಬಿಟ್ಟರೆ ಗೋಡೆ ನೋಡಬೇಡಿ, ಅಳುವ ಮಗು ಯಾವುದು ಅಂತ ಹುಡುಕಿ. ಸಂಜೆ ಹೊತ್ತಲ್ಲಿ ಒಂದಾದರೂ ಅಳುತ್ತಿರುತ್ತೆ, ಅದು ತಪ್ಪಲ್ಲ. ಆ ಮಗುವಿನ ಹತ್ತಿರ ಯಾರು ಹೋದರು, ಎತ್ತಿಕೊಂಡರಾ, ಹೆಸರು ಹಿಡಿದು ಕರೆದರಾ, ಇಲ್ಲ ದೂರದಿಂದಲೇ "ಏಯ್ ಸುಮ್ನಿರು" ಅಂದರಾ. ನಿಮಗೆ ಬೇಕಾದ್ದು ಹತ್ತು ನಿಮಿಷದಲ್ಲಿ ತಿಳಿಯುತ್ತೆ.

ಆಮೇಲೆ ಆಯಾ ಜೊತೆ ಮಾತಾಡಿ. ಮಾಲೀಕರ ಜೊತೆ ಎಷ್ಟು ಹೊತ್ತು ಮಾತಾಡಿದಿರೋ ಅಷ್ಟು ಹೊತ್ತು. ಇಲ್ಲಿ ಎಷ್ಟು ವರ್ಷದಿಂದ ಇದ್ದೀರಮ್ಮ, ನಿಮ್ಮ ಮನೆ ಎಲ್ಲಿ, ನಿಮ್ಮ ಮಕ್ಕಳು ಏನು ಓದುತ್ತಿದ್ದಾರೆ. ಎರಡು, ಮೂರು ವರ್ಷದಿಂದ ಅದೇ ಆಯಾ ಇದ್ದರೆ ಆ ಜಾಗದಲ್ಲಿ ಸಂಬಳ ಸರಿಯಾಗಿದೆ, ಮರ್ಯಾದೆ ಇದೆ ಅಂತ ಅರ್ಥ. ನಾಲ್ಕು ತಿಂಗಳಿಗೊಬ್ಬರು ಬದಲಾಗುತ್ತಿದ್ದರೆ ನಿಮ್ಮ ಮಗು ನಾಲ್ಕು ತಿಂಗಳಿಗೊಮ್ಮೆ ಹೊಸ ಮುಖಕ್ಕೆ ಹೊಂದಿಕೊಳ್ಳಬೇಕು. ಅವರಿಗೆ ವಾರದ ರಜೆ ಇದೆಯಾ, ಪಿ.ಎಫ್. ಕಟ್ಟುತ್ತಾರಾ ಅಂತ ಮಾಲೀಕರನ್ನು ಕೇಳಲು ಸಂಕೋಚ ಪಡಬೇಡಿ. ದುಡಿದು ಸುಸ್ತಾದ ಹೆಂಗಸಿನ ಕೈಯಲ್ಲಿ ಹದಿನೈದು ಮಕ್ಕಳನ್ನು ಕೊಟ್ಟು ಪ್ರೀತಿಯಿಂದ ನೋಡಿಕೋ ಅಂದರೆ ಆಗುವ ಮಾತಲ್ಲ.

ಸಂಖ್ಯೆ ವಿಷಯಕ್ಕೆ ಬಂದರೆ, ಖಾಸಗಿ ಪ್ಲೇಸ್ಕೂಲುಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ಇದೆ. 20 ಮಕ್ಕಳಿಗೆ ಒಬ್ಬ ಟೀಚರು, ಜೊತೆಗೆ ಒಬ್ಬ ಆಯಾ. ಅದು 3ರಿಂದ 6 ವರ್ಷದವರಿಗೆ. ನಿಮ್ಮ ಮಗಳಿಗೆ ಇನ್ನೂ 3 ಆಗಿಲ್ಲ, ಆ ವಯಸ್ಸಿಗೆ 20 ಮಕ್ಕಳೆಂಬುದು ತುಂಬಾ ಹೆಚ್ಚು. ನನ್ನ ಕೇಳಿದರೆ ಆರೇಳು ಮಕ್ಕಳಿಗೆ ಒಬ್ಬರು ಇರಬೇಕು. ಈ ಪ್ರಶ್ನೆಯನ್ನು ಕೇಳುವಾಗಲೂ "ಸಂಜೆ 5ಕ್ಕೆ ಎಷ್ಟು ಮಕ್ಕಳು, ಎಷ್ಟು ಜನ?" ಅಂತಲೇ ಕೇಳಿ. ಬರೀ "ಎಷ್ಟು ಜನ ಸಿಬ್ಬಂದಿ?" ಅಂದರೆ ಡ್ರೈವರನ್ನೂ ಸೇರಿಸಿ ಹೇಳುತ್ತಾರೆ.

ತಲಘಟ್ಟಪುರದ ಅಮ್ಮ

ಟೀಚರ್, ತುಂಬಾ ಧನ್ಯವಾದ. ಹೌದು, ಮೂರು ಕಡೆಗೂ ಬೆಳಿಗ್ಗೆಯೇ ಹೋಗಿದ್ದೆವು. ಮಾಂಟೆಸ್ಸರಿ ಬಗ್ಗೆ ನಿಮ್ಮ ಅಭಿಪ್ರಾಯ ಏನು?

ಹಳೇ ಟೀಚರ್

ಪದ್ಧತಿ ಬಹಳ ಒಳ್ಳೆಯದು. ಅದನ್ನು ರೂಪಿಸಿದ ಇಟಲಿಯ ಮರಿಯಾ ಮಾಂಟೆಸ್ಸರಿಯವರು 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು, ಯುದ್ಧದ ವರ್ಷಗಳಲ್ಲಿ ಇಲ್ಲೇ ಉಳಿದು ಎಷ್ಟೋ ಶಿಕ್ಷಕರನ್ನು ತಯಾರು ಮಾಡಿದರು. ಬೆಂಗಳೂರಿನಲ್ಲಿ ಇವತ್ತಿಗೂ ಶ್ರದ್ಧೆಯಿಂದ ನಡೆಸುವ ಶಾಲೆಗಳಿವೆ. ಆದರೆ ಆ ಹೆಸರನ್ನು ಯಾರು ಬೇಕಾದರೂ ಬೋರ್ಡಿಗೆ ಹಾಕಬಹುದು, ತಡೆಯುವವರಿಲ್ಲ. ಒಳಗೆ ಹೋಗಿ ನೋಡಿ: ಎರಡೂವರೆಯಿಂದ ಆರು ವರ್ಷದ ಮಕ್ಕಳು ಒಂದೇ ಪರಿಸರದಲ್ಲಿ ಇದ್ದಾರಾ, ಸಾಮಾನು ಮಕ್ಕಳ ಕೈಗೆ ಎಟುಕುವ ಕಪಾಟಿನಲ್ಲಿದೆಯಾ, ಮಗು ತನಗೆ ಬೇಕಾದ್ದನ್ನು ತಾನೇ ತೆಗೆದುಕೊಂಡು ಚಾಪೆ ಹಾಸಿ ಕೂರುತ್ತಾ, ಟೀಚರಿಗೆ ಆ ತರಬೇತಿಯ ಡಿಪ್ಲೊಮಾ ಇದೆಯಾ. ಸಾಮಾನೆಲ್ಲ ಗಾಜಿನ ಬೀರುವಿನಲ್ಲಿ ಬೀಗ ಹಾಕಿಟ್ಟು, ಮಕ್ಕಳು ಸಾಲಾಗಿ ಕೂತು ಎಬಿಸಿಡಿ ತಿದ್ದುತ್ತಿದ್ದರೆ ಅದು ಮಾಂಟೆಸ್ಸರಿ ಅಲ್ಲ.

ಈ ವಯಸ್ಸಿಗೆ ಬರವಣಿಗೆ ಎಲ್ಲೂ ಬೇಡ. ಪೆನ್ಸಿಲು ಹಿಡಿಯುವ ಬೆರಳಿಗೇ ಇನ್ನೂ ಬಲ ಬಂದಿರುವುದಿಲ್ಲ. ಹಿಟ್ಟು ನಾದಲಿ, ಮಣ್ಣಲ್ಲಿ ಆಡಲಿ, ಬಟಾಣಿ ಬಿಡಿಸಲಿ.

ಕೋಣನಕುಂಟೆ ಅಪ್ಪ

ಟೀಚರ್ ಹೇಳಿದ್ದು ಸರಿ, ಆದರೆ ಹತ್ತು ನಿಮಿಷ ನೋಡಿ ನಂಬುವ ಕಾಲ ಇದಲ್ಲ. ನಾವು ಫೋನಿನಲ್ಲಿ ಸಿಸಿಟಿವಿ ನೋಡಲು ಬಿಡುವ ಜಾಗವನ್ನೇ ಆರಿಸಿದ್ದು. ಆಫೀಸಿನಲ್ಲಿ ಕೂತು ಮಗ ಊಟ ಮಾಡಿದ್ದು, ಮಲಗಿದ್ದು ಕಾಣುತ್ತೆ, ಮನಸ್ಸಿಗೆ ನೆಮ್ಮದಿ. ಕ್ಯಾಮೆರಾ ಇಲ್ಲದ ಕಡೆ ನಾನಂತೂ ಮಗುವನ್ನು ಬಿಡಲ್ಲ.

ಮಕ್ಕಳ ವಾರ್ಡ್ ಸಿಸ್ಟರ್

ಕ್ಯಾಮೆರಾ ಇರಲಿ, ರೆಕಾರ್ಡಿಂಗೂ ಇರಲಿ. ಏನಾದರೂ ಆದರೆ ತೆಗೆದು ನೋಡಬಹುದು. ಆದರೆ ಅದೊಂದನ್ನೇ ನಂಬಬೇಡಿ ಸರ್. ಡೈಪರ್ ಬದಲಿಸುವ ಕಡೆ, ಟಾಯ್ಲೆಟ್ಟಿನಲ್ಲಿ ಕ್ಯಾಮೆರಾ ಇರುವುದಿಲ್ಲ, ಇರಲೂಬಾರದು. ಮಗುವಿಗೆ ಹೆಚ್ಚು ಎಚ್ಚರ ಬೇಕಾಗಿರುವುದೂ ಅಲ್ಲೇ. ಅದಕ್ಕೆ ಕೇಳಬೇಕಾದ ಪ್ರಶ್ನೆ ಬೇರೆ: ಮಗುವನ್ನು ತೊಳೆಯುವುದು ಯಾರು, ಹೆಂಗಸರೇನಾ, ಬಾಗಿಲು ಮುಚ್ಚಿಕೊಂಡು ಒಬ್ಬರೇ ಇರುತ್ತಾರಾ, ಎಲ್ಲ ಕೆಲಸದವರದ್ದೂ ಪೊಲೀಸ್ ಪರಿಶೀಲನೆ ಆಗಿದೆಯಾ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ 2012ರಲ್ಲೇ ಬಂದಿದೆ. ಇಂಥದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಆ ಸಂಸ್ಥೆಯ ಕಾನೂನುಬದ್ಧ ಕರ್ತವ್ಯ. ಮಕ್ಕಳ ಸಹಾಯವಾಣಿ 1098ರ ಬೋರ್ಡು ಗೋಡೆಯ ಮೇಲೆ ಇದೆಯಾ ನೋಡಿ.

ಎಲ್ಲ ಪೋಷಕರ ಫೋನಿನಲ್ಲೂ ಎಲ್ಲ ಮಕ್ಕಳೂ ಕಾಣುವುದು ನನಗೆ ಸರಿ ಅನ್ನಿಸುವುದಿಲ್ಲ. ನಿಮ್ಮ ಮಗನನ್ನು ನೀವೊಬ್ಬರೇ ನೋಡುತ್ತಿರುವುದಿಲ್ಲ.

ಕಾಯಿಲೆ ವಿಷಯ. ಮೊದಲ ವರ್ಷ ನೆಗಡಿ, ಕೆಮ್ಮು, ಭೇದಿ ಮೇಲಿಂದ ಮೇಲೆ ಬರುತ್ತೆ, ಗಾಬರಿ ಬೇಡ. ಮಳೆಗಾಲದಲ್ಲಿ ಬೆಂಗಳೂರಿನ ಪ್ರೀಸ್ಕೂಲುಗಳಲ್ಲಿ ಕೈ-ಕಾಲು-ಬಾಯಿ ರೋಗ ಓಡಾಡುತ್ತೆ. ಅಂಗೈ, ಅಂಗಾಲು, ಬಾಯಲ್ಲಿ ಗುಳ್ಳೆ, ಜ್ವರ. ಹೆಚ್ಚಿನ ಮಕ್ಕಳಿಗೆ ವಾರ, ಹತ್ತು ದಿನದಲ್ಲಿ ತಾನಾಗೇ ವಾಸಿಯಾಗುತ್ತೆ. ಆದರೆ ಗುಳ್ಳೆ ಒಣಗಿದ ಮೇಲೂ ವಾರಗಟ್ಟಲೆ ಮಲದಲ್ಲಿ ವೈರಸ್ ಇರುತ್ತೆ. ಅದಕ್ಕೇ ಡೈಪರ್ ಬದಲಿಸಿದ ಕೈಯನ್ನು ಪ್ರತಿ ಮಗುವಿಗೂ ಸೋಪು ಹಾಕಿ ತೊಳೆಯುತ್ತಾರಾ ಅಂತ ಕಣ್ಣಾರೆ ನೋಡಬೇಕು. ಬದಲಿಸುವ ಜಾಗದ ಪಕ್ಕದಲ್ಲೇ ನಲ್ಲಿ ಇಲ್ಲದಿದ್ದರೆ ತೊಳೆಯುವುದಿಲ್ಲ ಅಂತಲೇ ತಿಳಿಯಿರಿ.

ಜ್ವರ ಬಂದ ಮಗು ಔಷಧಿ ಇಲ್ಲದೆ 24 ಗಂಟೆ ಜ್ವರ ಬಿಟ್ಟಿರಬೇಕು, ಆಮೇಲೇ ವಾಪಸ್ಸು ಕಳಿಸಬೇಕು. ಈ ನಿಯಮ ಇಲ್ಲದ ಡೇಕೇರ್ ಬೇಡ. ನಿಯಮ ಇದ್ದ ಕಡೆ ಬೆಳಿಗ್ಗೆ ಸಿರಪ್ ಕುಡಿಸಿ ಕಳಿಸುವ ಕೆಲಸ ನಾವೂ ಮಾಡಬಾರದು. ಪೋಷಕರು ಬರೆದು ಕೊಡದೆ ಡೇಕೇರ್‌ನವರು ಯಾವ ಔಷಧಿಯನ್ನೂ, ಕೆಮ್ಮಿನ ಸಿರಪ್ಪನ್ನು ಸಹ, ಕೊಡಕೂಡದು. ಇದನ್ನು ಬಾಯಿಮಾತಿನಲ್ಲಿ ಬಿಡದೆ ಕಾಗದದಲ್ಲಿ ಹಾಕಿಸಿ.

ಹುಬ್ಬಳ್ಳಿಯಾಕಿ

ನಾವು ಹುಬ್ಬಳ್ಳಿಯಿಂದ ಬಂದು ಇಲ್ಲಿ ಅಂಜನಾಪುರದಾಗ ಇದ್ದೀವ್ರಿ. ಅಕ್ಕಾರ, ನಿಮ್ಮ ಆಫೀಸಿನಾಗ ಮೊದಲ ಕೇಳ್ರಿ. 2017ರಾಗ ಹೆರಿಗೆ ಸೌಲಭ್ಯ ಕಾಯ್ದೆ ತಿದ್ದುಪಡಿ ಆತು. 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡೂ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡಬೇಕು, ತಾಯಿ ದಿನಕ್ಕ ನಾಲ್ಕು ಸಲ ಹೋಗಿ ಮಗೂನ್ನ ನೋಡಾಕ ಬಿಡಬೇಕು. ಕೆಲವು ಕಂಪನಿ ತಾವ ನಡಸ್ತಾವ, ಕೆಲವು ಹೊರಗಿನ ಡೇಕೇರ್ ಜೋಡಿ ಒಪ್ಪಂದ ಮಾಡ್ಕೊಂಡಿರ್ತಾವ. ಎಚ್‌ಆರ್‌ನವ್ರು ತಾವಾಗೇ ಹೇಳಂಗಿಲ್ಲ, ನಾವ ಕೇಳಬೇಕು. ನನಗ ಹಂಗ ಕೇಳಿದ ಮ್ಯಾಲೆ ಗೊತ್ತಾತು.

ಇನ್ನ ಅಂಗನವಾಡಿ ಅಂದ್ರ ಮೂಗು ಮುರೀಬ್ಯಾಡ್ರಿ. 1975ರಾಗ ಈ ಯೋಜನೆ ದೇಶದಾಗ ಶುರು ಆದಾಗ ನಮ್ಮ ರಾಜ್ಯದಾಗ ಟಿ. ನರಸೀಪುರದಾಗ ಮೊದಲ ಬಂತು. 2024ರಿಂದ ಬೆಂಗಳೂರಿನ ಕೆಲವು ಅಂಗನವಾಡಿಯೊಳಗ ಎಲ್‌ಕೆಜಿ, ಯುಕೆಜಿ ಸುದ್ದಾ ನಡಸಾಕತ್ತಾರ. ನಮ್ಮ ಓಣಿ ಅಂಗನವಾಡಿ ಟೀಚರ್ ಎಲ್ಲಾ ಮಕ್ಕಳ ತೂಕ, ಲಸಿಕೆ ತಾರೀಖು ಬಾಯಿಪಾಠ ಹೇಳ್ತಾರ. ನಿಮ್ಮ ಟೈಮಿಗೆ ಸಂಜೀತನ ಆಗಂಗಿಲ್ಲ, ಅದು ಖರೆ. ಆದ್ರ ಮನಿಯಾಗ ಯಾರರ ಇದ್ರ, ಮುಂಜಾನೆ ಹೊತ್ತು ಅಲ್ಲಿ ಕಳಿಸಿ ನೋಡ್ರಿ.

ಜಯನಗರದ ಅಜ್ಜಿ

ಮಕ್ಕಳೇ, ಊಟದ ವಿಷಯ ಯಾರೂ ಬರೆಯಲಿಲ್ಲ. ನನ್ನ ಮೊಮ್ಮಗ ಹೋಗುತ್ತಿದ್ದ ಕಡೆ ವಾರದ ಪಟ್ಟಿ ಗೋಡೆಗೆ ಅಂಟಿಸಿದ್ದರು, ಪಾಸ್ತಾ, ನೂಡಲ್ಸ್, ಬಿಸ್ಕತ್ತು, ಕೇಕು. ಸಂಜೆ 4ಕ್ಕೆ ಬಿಸ್ಕತ್ತು ತಿಂದ ಮಗು ಮನೆಗೆ ಬರುವ ಹೊತ್ತಿಗೆ ಹಸಿದು ರಚ್ಚೆ ಹಿಡಿಯುತ್ತಿತ್ತು. ಆಮೇಲೆ ನಾವೇ ಡಬ್ಬಿ ಕಟ್ಟಿದೆವು: ಮೆತ್ತಗೆ ಕಲಸಿದ ಮೊಸರನ್ನ, ಸಂಜೆಗೆ ರಾಗಿ ಮಾಲ್ಟ್, ಬಾಳೆಹಣ್ಣು. ಡಬ್ಬಿ ಬಿಸಿ ಮಾಡಿ ಕೊಡುತ್ತಾರಾ, ಮಗು ತಿನ್ನದಿದ್ದರೆ ಎಷ್ಟು ಬಿಟ್ಟಿತು ಅಂತ ಹೇಳುತ್ತಾರಾ ಕೇಳು ತಾಯಿ. ತಿನ್ನು ಅಂತ ಬಲವಂತ ಮಾಡುವವರೂ ಬೇಡ, ಮುಚ್ಚಿಟ್ಟು ವಾಪಸ್ಸು ಕಳಿಸುವವರೂ ಬೇಡ.

ಇನ್ನೊಂದು, ಮಗುವಿನ ಜೊತೆ ಕನ್ನಡದಲ್ಲಿ ಮಾತಾಡುವವರು ಒಬ್ಬರಾದರೂ ಇರಬೇಕು. ಹಸಿವು, ಉಚ್ಚೆ, ನೋವು ಇವನ್ನು ಮಗು ಮನೆಮಾತಿನಲ್ಲೇ ಹೇಳುವುದು. "ಅಬ್ಬು ಆಯ್ತು" ಅಂದರೆ ಆಯಾಗೆ ತಿಳಿಯದಿದ್ದರೆ ಮಗು ಯಾರಿಗೆ ಹೇಳಬೇಕು? ಅಲ್ಲಿ ಕನ್ನಡ ಮಾತಾಡಿದರೆ ಬೈಯುವ ಪದ್ಧತಿ ಇದ್ದರೆ ಮೆಟ್ಟಿಲು ಹತ್ತಬೇಡಿ.

ವಾಜರಹಳ್ಳಿ ಅಪ್ಪ

ಅಜ್ಜಿ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಡೇಕೇರಿನ ಆಯಾ ಒಬ್ಬರು ತೆಲುಗಿನವರು, ಇನ್ನೊಬ್ಬರು ಅಸ್ಸಾಮಿನವರು, ಇಬ್ಬರೂ ಬಹಳ ಒಳ್ಳೆಯವರು. ನಾವು ಮಗನ ಪುಟ್ಟಪುಟ್ಟ ಮಾತುಗಳನ್ನು ಅರ್ಥದ ಸಮೇತ ಒಂದು ಹಾಳೆಯಲ್ಲಿ ಬರೆದು ಕೊಟ್ಟೆವು: ಮಮ್ಮು, ತಾಚಿ, ಕಕ್ಕ, ಅಬ್ಬು. ಅವರು ಅದನ್ನು ಅಡುಗೆಮನೆ ಬಾಗಿಲಿಗೆ ಅಂಟಿಸಿಕೊಂಡರು.

ಮನೆಯಲ್ಲೇ ಡೇಕೇರ್

ನಾನು ಉತ್ತರಹಳ್ಳಿ ಕಡೆ ನನ್ನ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಆರು ಮಕ್ಕಳಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ, ಸಹಾಯಕ್ಕೆ ಒಬ್ಬ ಅಕ್ಕ ಇದ್ದಾರೆ. ಎರಡೂವರೆ ವರ್ಷದ ಮಗುವಿಗೆ ಮನೆಯ ವಾತಾವರಣ ಒಗ್ಗುತ್ತೆ ಅನ್ನುವುದು ನನ್ನ ನಂಬಿಕೆ. ಆದರೆ ಮನೆ ಡೇಕೇರಿನ ದುರ್ಬಲ ಜಾಗ ಎಲ್ಲಿ ಅಂತಲೂ ನಾನೇ ಹೇಳುತ್ತೇನೆ. ನಡೆಸುವವರಿಗೆ ಜ್ವರ ಬಂದರೆ ಬೇರೆ ಯಾರು? ಅವರ ಮನೆಗೆ ನೆಂಟರು ಬಂದಾಗ, ಮನೆಯ ಗಂಡಸರು ಮಧ್ಯಾಹ್ನ ಮನೆಯಲ್ಲಿದ್ದಾಗ ಮಕ್ಕಳು ಎಲ್ಲಿರುತ್ತಾರೆ? ಬಾಲ್ಕನಿಗೆ ಬಲೆ ಹಾಕಿಸಿದ್ದಾರಾ, ಬಚ್ಚಲಲ್ಲಿ ನೀರು ತುಂಬಿದ ಬಕೆಟ್ಟು ಇಟ್ಟಿರುತ್ತಾರಾ, ಗ್ಯಾಸ್ ಒಲೆ ಇರುವ ಕಡೆಗೆ ಅಡ್ಡಗೇಟು ಇದೆಯಾ? ಅಪಾರ್ಟ್‌ಮೆಂಟ್ ಸಂಘದ ಒಪ್ಪಿಗೆ ಇದೆಯಾ? ಇಲ್ಲದಿದ್ದರೆ ಯಾರೋ ಒಬ್ಬರು ದೂರು ಕೊಟ್ಟು ದಿಢೀರಂತ ಮುಚ್ಚಬೇಕಾಗುತ್ತೆ, ಆಗ ಕಷ್ಟಪಡುವುದು ನಿಮ್ಮಂಥವರೇ. ಈ ಪ್ರಶ್ನೆಗಳನ್ನು ನನ್ನ ಹತ್ತಿರ ಬರುವ ಎಲ್ಲ ಪೋಷಕರೂ ಕೇಳಲಿ ಅಂತ ಬಯಸುತ್ತೇನೆ.

ಸೇರಿಸಿದ ಮೇಲೆ ಮೊದಲ ದಿನವೇ ಒಂಬತ್ತು ಗಂಟೆ ಬಿಡಬೇಡಿ. ಒಂದು ಗಂಟೆ, ಆಮೇಲೆ ಊಟದವರೆಗೆ, ಆಮೇಲೆ ನಿದ್ದೆ ಮುಗಿಯುವವರೆಗೆ. ಅತ್ತೆಯವರು ಊರಿಗೆ ಹೊರಡುವ ಮುಂಚೆಯೇ ಶುರು ಮಾಡಿ, ಎರಡೂ ಒಟ್ಟಿಗೆ ಆದರೆ ಮಗುವಿಗೆ ಭಾರ. ಕದ್ದು ಹೋಗಬೇಡಿ. "ಅಮ್ಮ ಆಫೀಸಿಗೆ ಹೋಗಿ ಕತ್ತಲಾಗೋ ಮುಂಚೆ ಬರ್ತೀನಿ" ಅಂತ ಹೇಳಿ, ಮಗು ಅತ್ತರೂ ಹೇಳಿಯೇ ಹೋಗಿ. ವಾಸನೆ ಪರಿಚಯದ ಒಂದು ಹಳೆ ಸೀರೆ ತುಂಡು ಕೊಟ್ಟು ಕಳಿಸಿ, ಮಧ್ಯಾಹ್ನ ನಿದ್ದೆಗೆ ಬೇಕಾಗುತ್ತೆ.

ಕೋಣನಕುಂಟೆ ಅಪ್ಪ

ದುಡ್ಡಿನ ವಿಷಯ ನಾನು ಹೇಳುತ್ತೇನೆ. ಪ್ರವೇಶ ಶುಲ್ಕ, ವರ್ಷದ ಶುಲ್ಕ, ಡೇಕೇರಿನ ತಿಂಗಳ ಶುಲ್ಕ, ಊಟ, ಬೇಸಿಗೆ ಶಿಬಿರ, ತಡವಾಗಿ ಬಂದರೆ ಅರ್ಧ ಗಂಟೆಗೆ ಇಷ್ಟು ಅಂತ, ಎಲ್ಲ ಬೇರೆ ಬೇರೆ ಇರುತ್ತೆ. ಎಲ್ಲ ಕೂಡಿಸಿ ವರ್ಷಕ್ಕೆ ಎಷ್ಟು ಅಂತ ಬರೆಸಿಕೊಳ್ಳಿ. ಮಧ್ಯದಲ್ಲಿ ಬಿಡಿಸಿದರೆ ಎಷ್ಟು ವಾಪಸ್ಸು ಅನ್ನುವುದನ್ನೂ. ನಮ್ಮ ಪರಿಚಯದವರೊಬ್ಬರಿಗೆ ಒಂದು ಕಡೆ ಎರಡೇ ತಿಂಗಳಿಗೆ ಬಿಡಿಸಿದರೂ ಒಂದು ರೂಪಾಯಿ ಬರಲಿಲ್ಲ, ಯಾಕೆಂದರೆ ಸಹಿ ಹಾಕಿದ ಫಾರಂನಲ್ಲಿ ಹಾಗೇ ಇತ್ತು.

ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಪ್ಲೇಸ್ಕೂಲು, ನರ್ಸರಿಯ ಬೋಧನಾ ಶುಲ್ಕವನ್ನು ತೆರಿಗೆಯ ಲೆಕ್ಕದಲ್ಲಿ ಆದಾಯದಿಂದ ಕಳೆಯಬಹುದು (2026ರ ಮಾರ್ಚ್‌ವರೆಗೆ ಇದು 80ಸಿ ಅಡಿ ಇತ್ತು), ಒಟ್ಟು ಒಂದೂವರೆ ಲಕ್ಷದ ಮಿತಿಯೊಳಗೆ. ಡೇಕೇರ್, ವ್ಯಾನು, ಊಟದ ಹಣ ಅದಕ್ಕೆ ಸೇರುವುದಿಲ್ಲ. ಅದಕ್ಕೆ ರಸೀದಿಯಲ್ಲಿ ಬೋಧನಾ ಶುಲ್ಕವನ್ನು ಬೇರೆಯಾಗಿ ತೋರಿಸಲು ಹೇಳಿ.

ತಲಘಟ್ಟಪುರದ ಅಮ್ಮ

ಎಲ್ಲರ ಮಾತಿನಂತೆ ಸಂಜೆ 5ರ ನಂತರ ಮೂರು ಕಡೆಗೂ ಹೋಗಿ ಬಂದೆ.

ದೊಡ್ಡ ಹೆಸರಿನ ಕಡೆ ಗೇಟಿನ ಹತ್ತಿರವೇ ನಿಲ್ಲಿಸಿ, ಕೌನ್ಸೆಲರ್ ಇಲ್ಲ, ನಾಳೆ ಬೆಳಿಗ್ಗೆ ಬನ್ನಿ ಅಂದರು. ಬೆಳಿಗ್ಗೆ ಮೂರು ಜನ ಮಾತಾಡಿಸಿದ್ದ ಜಾಗದಲ್ಲಿ ಸಂಜೆ ಉತ್ತರ ಕೊಡುವವರು ಒಬ್ಬರೂ ಇರಲಿಲ್ಲ. ಅಪಾರ್ಟ್‌ಮೆಂಟಿನ ಮನೆ ಡೇಕೇರಿನವರು ಪ್ರೀತಿಯವರು, ಆದರೆ ಅವರು ಒಬ್ಬರೇ, ಬದಲಿಗೆ ಯಾರೂ ಇಲ್ಲ, ಬಾಲ್ಕನಿಗೆ ಬಲೆಯೂ ಇಲ್ಲ.

ಸಣ್ಣ ಮಾಂಟೆಸ್ಸರಿಯಲ್ಲಿ ಒಳಗೆ ಬಿಟ್ಟರು. ಏಳು ಮಕ್ಕಳಿದ್ದರು, ಇಬ್ಬರು ಆಯಾ, ಜೊತೆಗೆ ನಡೆಸುವವರೇ ನೆಲದ ಮೇಲೆ ಕೂತು ಒಂದು ಮಗುವಿಗೆ ಹಾಲು ಕುಡಿಸುತ್ತಿದ್ದರು. ಒಂದು ಮಗು ಅಳುತ್ತಿತ್ತು. ಆಯಾ ಅದನ್ನು ಸೊಂಟದ ಮೇಲೆ ಎತ್ತಿಕೊಂಡೇ ಬಟ್ಟೆ ಮಡಚುತ್ತಿದ್ದರು. ಚನ್ನಪಟ್ಟಣದವರಂತೆ, ಐದು ವರ್ಷದಿಂದ ಅಲ್ಲೇ ಇದ್ದಾರೆ. ಆಟದ ಜಾಗ ಸಣ್ಣದು, ಗೋಡೆಯ ಬಣ್ಣ ಹಳತು, ಕ್ಯಾಮೆರಾ ಇದೆ ಆದರೆ ಫೋನಿಗೆ ಕೊಡುವುದಿಲ್ಲ. ನಮ್ಮೆಜಮಾನರಿಗೆ ಆ ಕ್ಯಾಮೆರಾ ವಿಷಯ ಸ್ವಲ್ಪ ಕಸಿವಿಸಿ ಇತ್ತು, ಆದರೆ ಯಾವಾಗ ಬೇಕಾದರೂ ಹೇಳದೆ ಬರಬಹುದು ಅಂತ ಅವರೇ ಅಂದಿದ್ದಕ್ಕೆ ಒಪ್ಪಿದರು. ಅಲ್ಲೇ ಸೇರಿಸುತ್ತಿದ್ದೇವೆ. ಅತ್ತೆ ಇರುವಾಗಲೇ ದಿನಾ ಒಂದೊಂದು ಗಂಟೆ ಬಿಡಲು ಶುರು ಮಾಡುತ್ತೇವೆ.

ಕೊನೆಯ ಪ್ರಶ್ನೆ. ನಾವಿಬ್ಬರೂ ದೂರ ಇರುತ್ತೇವೆ. ಮಧ್ಯಾಹ್ನ ಜ್ವರ ಅಂತ ಫೋನ್ ಬಂದರೆ ಏನು ಮಾಡುತ್ತೀರಿ? ದಸರಾ ರಜೆ, ಬೇಸಿಗೆ ರಜೆಯಲ್ಲಿ ಡೇಕೇರ್ ಇರುತ್ತಾ?

ಹಳೇ ಟೀಚರ್

ಬಹಳ ಸಂತೋಷವಾಯಿತು ಅಮ್ಮ. ಆ ಆಯಾ ಹೆಸರು ಕೇಳಿಕೊಂಡಿರಿ, ಮಗಳಿಗೆ ಈಗಿನಿಂದಲೇ ಮನೆಯಲ್ಲಿ ಆ ಹೆಸರು ಹೇಳುತ್ತಿರಿ.

ಜ್ವರದ ಫೋನಿಗೆ: ಅರ್ಧ ಗಂಟೆಯಲ್ಲಿ ತಲುಪಬಲ್ಲ ಮೂರನೆಯವರು ಒಬ್ಬರು ಬೇಕೇ ಬೇಕು. ಪಕ್ಕದ ಮನೆಯವರು, ಸ್ನೇಹಿತೆ, ಯಾರಾದರೂ ಸರಿ. ಅವರನ್ನು ಒಮ್ಮೆ ಕರೆದುಕೊಂಡು ಹೋಗಿ ಆಯಾಗಳಿಗೆ ಪರಿಚಯ ಮಾಡಿಸಿ, ಹೆಸರು, ಫೋಟೊ, ಗುರುತಿನ ಚೀಟಿಯ ಪ್ರತಿ ಅಲ್ಲಿ ಕೊಡಿ. ಪಟ್ಟಿಯಲ್ಲಿ ಇಲ್ಲದವರು ಬಂದರೆ ಮಗುವನ್ನು ಕಳಿಸಬಾರದು ಅಂತಲೂ ಬರೆಸಿ. "ಅಪ್ಪನ ಫ್ರೆಂಡು" ಅಂದವರಿಗೆ ಮಗು ಕೊಟ್ಟು ಕಳಿಸುವ ಜಾಗ ನೋಡಿದ್ದೇನೆ.

ರಜೆಗೆ: ದಸರಾದಲ್ಲೂ ಬೇಸಿಗೆಯಲ್ಲೂ ಪ್ರೀಸ್ಕೂಲು ಮುಚ್ಚಿದರೂ ಡೇಕೇರ್ ಸಾಮಾನ್ಯವಾಗಿ ತೆರೆದಿರುತ್ತೆ, ಆದರೆ ಆಗ ಆಯಾಗಳು ಸರದಿಯಲ್ಲಿ ಊರಿಗೆ ಹೋಗುತ್ತಾರೆ. ಇಡೀ ವರ್ಷದ ರಜೆ ಪಟ್ಟಿ ಈಗಲೇ ತೆಗೆದುಕೊಳ್ಳಿ. ಅದರಲ್ಲಿ ವರಮಹಾಲಕ್ಷ್ಮಿ ಹಬ್ಬ ಇದೆಯಾ ನೋಡಿ. ಅವತ್ತು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಎಷ್ಟೋ ಆಫೀಸುಗಳಿಗೆ ರಜೆ ಇರುವುದಿಲ್ಲ, ಡೇಕೇರಿನಲ್ಲಿ ಕಳಶ ಇಡುವ ಹೆಂಗಸರೇ ಹೆಚ್ಚು. ಆ ಶುಕ್ರವಾರಕ್ಕೆ ನಿಮ್ಮೆಜಮಾನರು ಈಗಲೇ ರಜೆ ಹಾಕಿಟ್ಟುಕೊಳ್ಳಲಿ.